ನನ್ನ ಕಿವಿ ಸರಿಯಾಗಿಯೇ ಇದೆ

ಶಿಕಾರಿಪುರ
೨೨ ಆಗಸ್ಟ್ ೨೦೨೪

ಮಗಳು ಗಂಗಾಶ್ರೀಗೆ,

ನಿನ್ನ ಅತ್ತೆ ಸರ್ವಮಂಗಳ ಮಾಡುವ ಆಶೀರ್ವಾದಗಳು. ‘ಸೌಭಾಗ್ಯವತಿ’ ಎಂದು ಬರೆಯಲು ಹೋಗಿ ಕೈ ತಡೆಯಿತು. ನಿನ್ನ ಸೌಭಾಗ್ಯ ನನ್ನ ಮಗನೊಬ್ಬನ ಕೈಯಲ್ಲಿದೆ ಎಂದು ಈಗ ನನಗೆ ಅನ್ನಿಸುವುದಿಲ್ಲ. ಅದಕ್ಕೇ ಬರೀ ಮಗಳು ಎಂದೆ. ಹೊಸಬಾಳೆಯಲ್ಲಿ ನೀನು, ಪುಟ್ಟ ನೀಲಾ, ನಿನ್ನ ಅಪ್ಪ ಉಚ್ಚಂಗಪ್ಪನವರು ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ.

ನೀನು ಮಗುವನ್ನು ಕರೆದುಕೊಂಡು ತವರಿಗೆ ಹೋದಾಗಿನಿಂದ ನಾನು ಒಂದು ಮಾತೂ ಆಡಿಲ್ಲ, ಬೇಸರ ಮಾಡಿಕೊಳ್ಳಬೇಡ. ನನ್ನ ಮಗ ರೇಣುಕಾಪ್ರಸಾದ ದಿನಾ ಸಂಜೆ ಅಂಗಡಿಯಿಂದ ಬಂದವನೇ ನನ್ನ ಫೋನು ತೆಗೆದು ಯಾರು ಮಾಡಿದ್ದರು, ಎಷ್ಟು ಹೊತ್ತು ಮಾತಾಡಿದೆ ಎಂದು ನೋಡುತ್ತಾನೆ. ಹಾಗಾಗಿ ನಾನೇ ಅಂಚೆ ಕಚೇರಿಗೆ ಹೋಗಿ ಲಕೋಟೆ ತಂದೆ. ಕಾಗದ ಬರೆದು ಯಾವ ಕಾಲವಾಯಿತೋ! ಅಕ್ಷರ ಸೊಟ್ಟಗಿದ್ದರೂ ಮಾತು ಸೊಟ್ಟಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ವಾಪಸ್ ಬಾ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ಯಾರು ಕರೆದರೂ ಬರಬೇಡ ಎನ್ನಲು ಬರೆಯುತ್ತಿದ್ದೇನೆ.

ನೀನು ಹೋದ ಮೇಲೆ ಅವನು ಪೈಪಿನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ‘ಪಾಪ, ನನ್ನ ಹೆಂಡತಿಗೆ ತಲೆ ಸರಿಯಿಲ್ಲ’ ಎಂದು ಹೇಳಿಕೊಂಡ. ಹೊಸದರಲ್ಲಿ ‘ನನ್ನ ಗಂಗಾನಂಥೋಳು ಈ ತಾಲ್ಲೂಕಲ್ಲೇ ಇಲ್ಲ’ ಅನ್ನುತ್ತಿದ್ದವನು ಅವನೇ. ಒಂದು ಸಲ ನೀನು ನಾಲ್ಕು ಜನರ ಮುಂದೆ ಅವನ ಮಾತು ತಿದ್ದಿದೆ ನೋಡು, ಅಲ್ಲಿಂದ ನೀನು ಅವನಿಗೆ ಶತ್ರುವಾದೆ. ಬೈದದ್ದನ್ನು ಬೈದೇ ಇಲ್ಲ ಎನ್ನುವುದು, ನೀನು ಅತ್ತರೆ ನಾಟಕ ಎನ್ನುವುದು, ಹೊರಗಿನವರು ಬಾಗಿಲಿಗೆ ಬಂದ ಕೂಡಲೇ ಬಾಯಿ ತುಂಬ ನಗುವುದು. ನಾವೆಲ್ಲ ಇದನ್ನು ಸಿಟ್ಟು ಎಂದು ಕರೆದೆವು, ಹಟ ಎಂದೆವು. ನೀಲಾ ಮಾತ್ರ ಎಲ್ಲರಿಗಿಂತ ಮೊದಲು ತಿಳಿದುಕೊಂಡಿತ್ತು. ನಗು ಬಂದರೂ ನಗುವ ಮುಂಚೆ ಅಪ್ಪನ ಮುಖ ನೋಡುತ್ತಿತ್ತಲ್ಲ ಆ ಕೂಸು.

ಕಳೆದ ತಿಂಗಳು ನನ್ನನ್ನೂ ಕೂರಿಸಿಕೊಂಡು ಶಿವಮೊಗ್ಗಕ್ಕೆ, ಮನಸ್ಸಿನ ಡಾಕ್ಟರ ಹತ್ತಿರ ಹೋದ. ನಿನಗೆ ಹುಚ್ಚು ಎಂದು ಅವರಿಂದ ಬರೆಸಿಕೊಂಡು ಬರಬೇಕು ಎಂಬುದು ಅವನ ಆಸೆ. ಡಾಕ್ಟರು ಹೆಂಗಸು, ಸಮಾಧಾನದವರು. ‘ನೋಡದೇ ಇರೋರ ಬಗ್ಗೆ ನಾನೇನೂ ಹೇಳಲ್ಲ, ನಿಮ್ಮ ವಿಷಯ ಹೇಳಿ’ ಎಂದರು. ಅವನು ಹೇಳುತ್ತಲೇ ಹೋದ. ಎಲ್ಲರೂ ಅವನಿಗೆ ಮೋಸ ಮಾಡಿದವರೇ: ಸ್ನೇಹಿತರು, ಪಾಲುದಾರ, ನೀನು, ಕೊನೆಗೆ ನಾನೂ. ನಾನು ಪಕ್ಕದಲ್ಲೇ ಕೂತಿದ್ದೆ.

ಎಲ್ಲ ಕೇಳಿ ಡಾಕ್ಟರು ಅವನಿಗೇ ಹೇಳಿದರು: ‘ಇದು ಹುಚ್ಚಲ್ಲ. ಒಂದೇ ಸಲ ನೋಡಿ ಹೆಸರಿಡೋದೂ ತಪ್ಪು. ಆದ್ರೆ ಸಣ್ಣ ಮಾತೂ ನಿಮಗೆ ಅವಮಾನ ಅನ್ಸುತ್ತೆ, ಹತ್ತಿರ ಬಂದೋರೆಲ್ಲ ದೂರ ಆಗಿದಾರೆ. ವ್ಯಕ್ತಿತ್ವದ ತೊಂದರೆ ಅಂತ ಇರುತ್ತೆ, ಅದು ಇದೆಯಾ ನೋಡಬೇಕು. ಮಾತಾಡಿ ಮಾತಾಡಿ ಸರಿ ಮಾಡ್ಕೋಬಹುದು. ಬಹಳ ದಿನ ಬೇಕು. ನೀವೇ ಮನಸ್ಸು ಮಾಡಿ ಬರಬೇಕು.’

‘ಥ್ಯಾಂಕ್ಸ್ ಮೇಡಂ’ ಎಂದು ನಕ್ಕು ಎದ್ದ. ಕಾರಿನಲ್ಲಿ ವಾಪಸ್ ಹೊರಟೆವು. ಊರು ಹತ್ತಿರ ಬಂದಾಗ ಹೇಳಿದ: ‘ಕೇಳಿದ್ಯಲ್ಲವ್ವ? ಗಂಗಾಗೆ ಕಾಯಿಲೆ ಐತೆ ಅಂದ್ರು ಡಾಕ್ಟ್ರು.’

‘ಹಂಗೆಲ್ಲಿ ಅಂದ್ರೋ?’ ಎಂದೆ.

‘ನಿಂಗೆ ಸರಿಯಾಗಿ ಕೇಳ್ಸಿಲ್ಲ ಬಿಡು. ವಯಸ್ಸಾಯ್ತು.’

ಎಷ್ಟು ಅಕ್ಕರೆಯಿಂದ ಹೇಳಿದನೆಂದರೆ, ಇರಬಹುದೇನೋ, ನನಗೇ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಒಂದು ಗಳಿಗೆ ಅನ್ನಿಸಿಬಿಟ್ಟಿತು. ಗಂಗಾ, ನೀನು ಇದರೊಳಗೆ ವರ್ಷಗಟ್ಟಲೆ ಇದ್ದೆ. ಹೇಗೆ ಉಸಿರಾಡಿದೆಯೋ ತಾಯಿ.

ಮೊನ್ನೆ ಭಾನುವಾರ ನಮ್ಮ ಪಡಸಾಲೆಯಲ್ಲಿ ಹಿರಿಯರು ಕೂಡಿದರು. ನಿನ್ನ ಮಾವನ ಅಣ್ಣ ಮಲ್ಲೇಶಪ್ಪನವರೇ ಮುಂದಾಳು. ಹೊಸಬಾಳೆಗೆ ಹೋಗಿ ನಿನ್ನಪ್ಪನಿಗೆ ಬುದ್ಧಿ ಹೇಳಿ ನಿನ್ನನ್ನು ಕರೆತರುವುದೆಂದು ಮಾತಾಯಿತು. ಆಗ ನನ್ನ ಮಗ ಕಣ್ಣಲ್ಲಿ ನೀರು ತಂದುಕೊಂಡು, ‘ಹುಚ್ಚಿ ಅಂತ ಡಾಕ್ಟ್ರೇ ಹೇಳ್ಯಾರ ದೊಡ್ಡಪ್ಪ, ಆದ್ರೂ ನಾ ಬಾಳಸ್ತೀನಿ’ ಎಂದ. ಎಲ್ಲರೂ ಅವನನ್ನು ದೇವರಂತೆ ನೋಡಿದರು.

ನಾನು ಚಹಾದ ತಟ್ಟೆ ಕೆಳಗಿಟ್ಟೆ.

‘ಸುಳ್ಳು. ಡಾಕ್ಟ್ರ ಮುಂದೆ ಕುಂತಿದ್ದೋಳು ನಾನು. ಅವರು ಚಿಕಿತ್ಸೆಗೆ ಬಾ ಅಂದಿದ್ದು ಇವನಿಗೆ.’

ಮಲ್ಲೇಶಪ್ಪನವರು ದಂಗಾದರು. ‘ಹೆತ್ತ ಮಗನ್ನ ಹಿಂಗ ಬೀದಿಗೆ ಹಾಕ್ತಾರೇನವಾ?’

‘ಬೀದಿಗಲ್ರೀ ಭಾವಾರ, ಆಸ್ಪತ್ರೆಗೆ ಕಳಸ್ರಿ ಅಂತಿದೀನಿ.’

‘ಅವ್ವಗೆ ಮರೆವು ಶುರುವಾಗೈತೆ’ ಎಂದ ಅವನು, ಮೆಲ್ಲಗೆ.

‘ಹಂಗಾದ್ರೆ ಈಗ್ಲೇ ಆ ಡಾಕ್ಟ್ರಿಗೆ ಫೋನ್ ಹಚ್ಚು. ಎಲ್ಲಾರ್ಗೂ ಕೇಳೋ ಹಂಗೆ ಸ್ಪೀಕರ್ ಹಾಕು. ನಾ ತಪ್ಪು ಹೇಳಿದ್ರೆ ಇಲ್ಲೇ ಎಲ್ಲಾರ ಕಾಲಿಗೆ ಬೀಳ್ತೀನಿ.’

ಅವನು ಫೋನು ಮುಟ್ಟಲಿಲ್ಲ. ಆಗ ಮಲ್ಲೇಶಪ್ಪನವರ ಹೆಂಡತಿ ಬಂಗಾರಮ್ಮಕ್ಕ, ಗಂಡನ ಎದುರು ಎಂದೂ ಗಟ್ಟಿಯಾಗಿ ಮಾತಾಡದವಳು, ಸೆರಗು ಸರಿಮಾಡಿಕೊಂಡು ಎದ್ದು, ‘ಹೊಸಬಾಳೆಗೆ ಯಾರೂ ಹೋಗೋದು ಬ್ಯಾಡ, ನಡೀರಿ ಮನೀಗೆ’ ಎಂದಳು. ಸಭೆ ಮುಗಿಯಿತು.

ನನ್ನ ಮಗ ರಾಕ್ಷಸನಲ್ಲ, ಗಂಗಾ. ನಾಲ್ಕು ಜನ ಹೊಗಳದ ದಿನ ಅವನು ಒಬ್ಬನೇ ಕೂತು ಬೆರಳಿನ ಉಗುರು ರಕ್ತ ಬರುವ ತನಕ ಕಚ್ಚುತ್ತಾನೆ. ಅದನ್ನು ನೋಡಿದವಳು ನಾನು. ಅವನಿಗೂ ನೋವಿದೆ. ಆದರೆ ಆ ನೋವನ್ನು ನೀನೂ ನೀಲಾನೂ ಮೈಮೇಲೆ ಹಾಕಿಕೊಳ್ಳಬೇಕು ಎಂದು ಯಾವ ದೇವರೂ ಹೇಳಿಲ್ಲ. ನಾಳೆ ಅವನೇ ನಿಮ್ಮ ಬಾಗಿಲಿಗೆ ಬಂದು ಅತ್ತರೂ ಅಳಬಹುದು. ಆ ಹೊತ್ತಿಗೆ ಆ ಅಳು ನಿಜವೇ ಇರುತ್ತದೆ. ನೀನು ಕರಗಬೇಡ. ‘ಚಿಕಿತ್ಸೆಗೆ ಹೋಗ್ತಿದೀರಾ?’ ಎಂದು ಕೇಳು. ‘ಹೋಗ್ತೀನಿ’ ಎಂದರೆ ಸಾಲದು. ಹೋಗುತ್ತಿರಬೇಕು, ಬದಲಾವಣೆ ನಿನಗೆ ಕಾಣಬೇಕು. ಆಮೇಲೂ ಬರುವುದು ಬಿಡುವುದು ನಿನ್ನಿಷ್ಟ.

ಆನವಟ್ಟಿಯ ಮೆಡಿಕಲ್ ಶಾಪಿನ ಕೆಲಸ ಅವನು ಬಿಡಿಸಿದ್ದನಲ್ಲ, ಹೋಗಿ ಮತ್ತೆ ಕೇಳು. ನೀನು ಓದಿದ್ದು ಅದಕ್ಕೇ. ಜನ ನನ್ನನ್ನು ಮನೆಮುರುಕಿ ಎನ್ನುತ್ತಿದ್ದಾರಂತೆ. ಅನ್ನಲಿ. ಅವರ ಮನೆಯ ಹೆಣ್ಣುಮಕ್ಕಳನ್ನು ಮೊದಲು ಕೇಳಿ ಬರಲಿ.

ಗಟ್ಟಿಯಾಗಿರು. ನೀಲಾ ಮನೆ ಹಾರಿಹೋಗುವಂತೆ ನಗಲಿ, ಯಾರ ಮುಖವನ್ನೂ ನೋಡದೆ. ಇಬ್ಬರಿಗೂ ನನ್ನ ಆಯುಷ್ಯ ಸೇರಲಿ.

ನಿನ್ನ ಅತ್ತೆ,
ಸರ್ವಮಂಗಳ

ತಾ.ಕ.: ಬರೆಯಬಾರದು ಎಂದುಕೊಂಡಿದ್ದೆ. ಆ ಭಾನುವಾರದಿಂದ ಅವನು ನನ್ನನ್ನು ಅವ್ವ ಎಂದು ಕರೆದಿಲ್ಲ. ಮಾತು ಬಿಟ್ಟಿದ್ದರೂ ತಡೆದುಕೊಳ್ಳುತ್ತಿದ್ದೆ. ಹೋಟೆಲಿನಲ್ಲಿ ಕೇಳುವವನ ಹಾಗೆ ನಗುನಗುತ್ತಾ ‘ರೀ, ಊಟ ಬಡಿಸ್ತೀರಾ’ ಎನ್ನುತ್ತಾನೆ. ಬಡಿಸುತ್ತೇನೆ. ಅವನು ತಲೆ ತಗ್ಗಿಸಿ ಉಣ್ಣುವಾಗ ನೆತ್ತಿಯ ಸುಳಿ ಕಾಣುತ್ತದೆ. ಚಿಕ್ಕವನಿದ್ದಾಗ ಎಣ್ಣೆ ತಟ್ಟುತ್ತಿದ್ದ ಜಾಗ. ಈಗ ಅಲ್ಲಿ ಕೈಯಿಡಲು ನನಗೆ ಹೆದರಿಕೆ. ಹೆತ್ತ ಮಗನಿಗೆ ಹೆದರುತ್ತಿದ್ದೇನೆ, ಗಂಗಾ. ಆದರೂ ನೀನು ಬರಬೇಡ.