ಹಸನಬೀ ಟೀಚರ್ ಪಡಸಾಲೆಯ ಗೋಡೆ

ಭಾಗ್ಯನಗರ, ಕೊಪ್ಪಳ
ಏಪ್ರಿಲ್ ೧೩, ಸೋಮವಾರ ಬೆಳಿಗ್ಗೆ

ಪ್ರೀತಿಯ ರೇಣುಕಾ,

ಮೊದಲು ಅತ್ತೆಯ ಕಣ್ಣಿನ ವಿಚಾರ ಹೇಳು. ಆಪರೇಷನ್ನಿನ ಪಟ್ಟಿ ಬಿಚ್ಚಿದ ಮೇಲೆ ಹೇಗಿದ್ದಾರೆ? ಹನಿ ಔಷಧಿ ಹೊತ್ತಿಗೆ ಸರಿಯಾಗಿ ಹಾಕುತ್ತಿದ್ದೀಯಲ್ಲ? ಕರಿ ಕನ್ನಡಕ ಹಾಕಿಕೊಂಡು ಹೊರಗೆ ಕೂರಲು ನಾಚುತ್ತಾರೆ ಎಂದು ನಿನ್ನ ತಮ್ಮ ಪರಮೇಶ ನಗುತ್ತಿದ್ದ. ನಾಚಲಿ, ಆದರೆ ತೆಗೆಯಲು ಬಿಡಬೇಡ. ಒಲೆಯ ಹೊಗೆಯ ಹತ್ತಿರವೂ ಬಿಡಬೇಡ. ಅವರ ಉಪಚಾರದಲ್ಲಿ ನೀನು ಊಟ ಮರೆಯಬೇಡ. ಇಲ್ಲಿ ಅವ್ವ ಗಟ್ಟಿಮುಟ್ಟಾಗಿದ್ದಾಳೆ. ನಾನು ಮಾಡಿದ ಚಹಾ ಕುಡಿದು ದಿನಾ ನಿನ್ನ ನೆನಪು ತೆಗೆಯುತ್ತಾಳೆ. ನಿನ್ನ ಫೋನು ಇನ್ನೂ ರಿಪೇರಿ ಅಂಗಡಿಯಲ್ಲೇ ಇದೆ, ಗಾಜು ಬಂದಿಲ್ಲವಂತೆ. ಪರಮೇಶನ ಫೋನಿಗೆ ಮಾಡಿದರೆ ಅವನು ಸ್ಪೀಕರಿಗೆ ಹಾಕಿ ನಡುಮನೆಯಲ್ಲಿ ಇಟ್ಟುಬಿಡುತ್ತಾನೆ. ನಾನು ಒಂದು ಮಾತು ಆಡುವುದರೊಳಗೆ ಮನೆಮಂದಿಯೆಲ್ಲ ಹತ್ತು ಮಾತು ಕೇಳುತ್ತಾರೆ. ನನಗೋ ಹೇಳುವುದು ಹೊಟ್ಟೆ ತುಂಬ ಇದೆ. ಅದಕ್ಕೇ ಈ ಕಾಗದ.

ಕೆಲಸ ಗೆದ್ದಿತು ರೇಣುಕಾ! ನಿನ್ನೆ ಯಲಬುರ್ಗಾದಿಂದ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಯಜಮಾನರಿಗೂ ಎಲ್ಲ ಹೇಳಿಬಿಟ್ಟೆ. ಪಾಪ, ಅವರು ಇಳಿಯುವ ಊರು ಬಂದರೂ ನನ್ನ ಮಾತು ಮುಗಿಯಲೆಂದು ಎದ್ದು ನಿಂತೇ ಕೇಳಿದರು. ಮೊದಲಿನಿಂದ ಹೇಳುತ್ತೇನೆ, ನೀನು ಕೂತು ಓದು.

ನೀನು ನವಲಿಯ ತವರಿಗೆ ಹೋದ ವಾರವೇ ಯಲಬುರ್ಗಾದಿಂದ ಹಸನಬೀ ಟೀಚರ್ ಎಂಬುವರು ಫೋನು ಮಾಡಿದ್ದರು. ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು. ಮಗ ಯೂಸುಫ ಅಲ್ಲೇ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಅವರದು ಕಲ್ಲುಮಣ್ಣಿನ ದಪ್ಪ ಗೋಡೆಯ ಹಳೆಯ ಮನೆ. ಹಿಂದೆ ಯಾರೋ ಅದಕ್ಕೆ ಪ್ಲಾಸ್ಟಿಕ್ ಪೇಂಟ್ ಬಳಿದು ಹೋಗಿದ್ದರು. ಗೋಡೆಯೊಳಗಿನ ಹಸಿ ಹೊರಗೆ ಬರಲು ದಾರಿಯಿಲ್ಲದೆ ಬಣ್ಣವೆಲ್ಲ ಗುಳ್ಳೆ ಎದ್ದು ಹಪ್ಪಳದಂತೆ ಸುಲಿದು ಬೀಳುತ್ತಿತ್ತು. ಟೀಚರ್ ವಿಜಯಪುರದ ತಂಗಿಯ ಮನೆಯಲ್ಲಿ ಸುಣ್ಣದ ಗೋಡೆ ನೋಡಿ ಬಂದಿದ್ದರು. ನಮ್ಮ ಹಬ್ಬದ ಬಿಳಿ ಸುಣ್ಣವಲ್ಲ. ಮಣ್ಣಿನ ಬಣ್ಣ ಕೂಡಿಸಿ ತೆಳ್ಳಗೆ ಪದರ ಪದರವಾಗಿ ಹಚ್ಚಿದ್ದು, ಮೋಡ ಹರಡಿದ ಹಾಗೆ ಒಂದು ಕಡೆ ತಿಳಿ, ಒಂದು ಕಡೆ ಗಾಢ. ದೊಡ್ಡ ಊರುಗಳಲ್ಲಿ ಈಗ ಜನ ಅಂದಕ್ಕಾಗಿಯೇ ಅದನ್ನು ಹಚ್ಚಿಸಿಕೊಳ್ಳುತ್ತಾರಂತೆ. "ಈ ಊರಾಗ ಯಾರನ್ನ ಕೇಳಿದ್ರೂ ಸುಣ್ಣ ಬ್ಯಾಡ್ರಿ ಟೀಚರ್, ಸೀರಿ ಅರಬಿಗೆ ಹತ್ತತೈತಿ ಅಂತಾರ. ನಿನಗ ಬರತೈತೇನಪಾ?" ಎಂದು ಕೇಳಿದರು. ನನಗೆಲ್ಲಿ ಬರುತ್ತಿತ್ತು? ಇಷ್ಟು ವರ್ಷ ಡಬ್ಬಿ ಮುಚ್ಚಳ ತೆಗೆದು ಬಣ್ಣ ಬಳಿದವನು ನಾನು. ಆದರೂ ಬಾಯಿಂದ "ಬರತೈತ್ರಿ" ಎಂದು ಹೊರಟೇಬಿಟ್ಟಿತು. ಅವ್ವನಿಗೆ ಹೇಳಿದರೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. "ಸುಣ್ಣಾ ನಾವು ಹಬ್ಬಕ್ಕ ಹಚ್ಚತಿದ್ವಿ. ಈಗಿನ ಮಂದಿ ಚಂದಕ್ಕ ಹಚ್ಚತಾರೇನು?" ಅಂದಳು. ನಕ್ಕರೂ ತನ್ನ ಹಳೆಯ ನೂಲಿನ ಸೀರೆಯೊಂದನ್ನು ಸುಣ್ಣ ಸೋಸಲು ಕೊಟ್ಟಳು.

ಸುಣ್ಣದ ಹರಳು ತಂದು ನೀರಿಗೆ ಹಾಕಿದಾಗ ಅದು ಕುದ್ದದ್ದನ್ನು ನೀನು ನೋಡಬೇಕಿತ್ತು. (ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಕೈಗವಸು ಹಾಕಿಕೊಂಡೇ ಮಾಡಿದೆ, ಗಾಬರಿಯಾಗಬೇಡ.) ವಾರಗಟ್ಟಲೆ ನೀರಿನಡಿ ಬಿಟ್ಟ ಮೇಲೆ ಬೆಣ್ಣೆಯ ಹಾಗಾಯಿತು. ಅಷ್ಟರಲ್ಲಿ ನಾನು ಪಡಸಾಲೆಯ ಪ್ಲಾಸ್ಟಿಕ್ ಬಣ್ಣವನ್ನೆಲ್ಲ ಕೆರೆದು ತೆಗೆದೆ. ಕೆಳಗೆ ಹಳೆಯ ಕಾಲದ ಸುಣ್ಣ ಸಿಕ್ಕಿತು, ಬಿಳಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಮತ್ತೆ ಬಿಳಿ. ಟೀಚರ್ ನೀಲಿ ಚೂರೊಂದನ್ನು ಅಂಗೈಯಲ್ಲಿ ಹಿಡಿದು, "ಇದು ನಾ ಈ ಮನಿಗೆ ಸೊಸಿಯಾಗಿ ಬಂದಾಗಿನ ಬಣ್ಣ" ಅಂದರು. ಹೊಸ ಬಣ್ಣ ಯಾವುದು ಬೇಕೆಂದು ಕೇಳಿದರೆ ಏನು ಹೇಳಿದರು ಗೊತ್ತೇ? "ಹದಾ ಬೆಂದ ಜ್ವಾಳದ ರೊಟ್ಟಿ ಬಣ್ಣ." ಹಳದಿ ಮಣ್ಣಿಗೆ ಚಿಟಿಕೆ ಕೆಮ್ಮಣ್ಣು ಕೂಡಿಸಿ, ಚಾವಣಿಯ ಹಳೆ ಹಂಚುಗಳ ಮೇಲೆ ಹಚ್ಚಿ ಒಣಗಿಸಿ ತೋರಿಸುತ್ತಾ ಹೋದೆ. ಅವರು ಪ್ರತಿ ಸಲವೂ "ಇದು ಹಸೀ ರೊಟ್ಟಿ", "ಇದು ಸೀದ ರೊಟ್ಟಿ" ಎನ್ನುತ್ತಾ ಹೋದರು. ಕೊನೆಗೊಂದು ಹಂಚಿಗೆ ಹೂಂ ಅಂದರು.

ಇನ್ನು ಕಷ್ಟದ ಕಥೆ. ಯೂಸುಫನ ನಿಶ್ಚಿತಾರ್ಥಕ್ಕೆ ಕುಷ್ಟಗಿಯಿಂದ ಹುಡುಗಿಯ ಕಡೆಯವರು ನಿನ್ನೆ ಭಾನುವಾರ ಬರುವವರಿದ್ದರು. ಅವರು ಕೂರುವುದು ಇದೇ ಪಡಸಾಲೆಯಲ್ಲಿ. ನಾನು ಬುಧವಾರ ಮಧ್ಯಾಹ್ನ ಹುಮ್ಮಸ್ಸಿನಿಂದ ಬಾಗಿಲು ಕಿಟಕಿ ತೆರೆದು, ಫ್ಯಾನು ಹಾಕಿ, ಪೇಂಟ್ ಹಚ್ಚುವ ಹಾಗೆಯೇ ದಪ್ಪಗೆ ಸುಣ್ಣ ಹಚ್ಚಿದೆ. ಹೊರಗೆ ಬಿಸಿಲು ಧಗಧಗ, ಒಳಗೆ ಬಿಸಿ ಗಾಳಿ. ಸಂಜೆಗೆ ಒಣಗಿ ಚೆನ್ನಾಗಿಯೇ ಕಂಡಿತು. ಟೀಚರ್ ಗೋಡೆಗೆ ಒರಗಿ ಚಹಾ ಕುಡಿದು ಎದ್ದರು. ಅವರ ಕರಿ ಸೀರೆಯ ಬೆನ್ನು ತುಂಬಾ ಸುಣ್ಣ! ನಾನು ಕೈಯಾಡಿಸಿದರೆ ಗೋಡೆ ಹಿಟ್ಟಿನಂತೆ ಉದುರಿತು. ಯೂಸುಫ ಅಂಗಡಿಯಿಂದ ಬಂದವನು ತಾಯಿಯ ಬೆನ್ನು ನೋಡಿ ಕೆಂಡವಾದ. "ರವಿವಾರ ಮಂದಿ ಬಂದು ಗ್ವಾಡಿ ಹೊತ್ಕೊಂಡು ಹೋಗಬೇಕೇನ್ರಿ? ನಾಳೆ ಪ್ಲಾಸ್ಟಿಕ್ ಪೇಂಟ್ ಬಡದುಬಿಡ್ರಿ, ಸಾಕು" ಅಂದ. ನಾನು ಬ್ರಷ್ಷು ತೊಳೆಯಲು ಎತ್ತಿಕೊಂಡೆ. ಆದರೆ ಟೀಚರ್ ಸೀರೆ ಕೊಡವುತ್ತಾ ಸಮಾಧಾನದಿಂದ, "ಹುಡುಗಿ ನೋಡಿದಾವ ನೀನು, ಗ್ವಾಡಿ ಮೆಚ್ಚಿದಾಕಿ ನಾನು. ನಂದು ನಾ ನೋಡ್ಕೋತೀನಿ. ವಿರುಪಾಕ್ಷಿ, ಇನ್ನೊಂದ್ಸಲ ಹಚ್ಚು" ಅಂದರು. ಅಷ್ಟು ನಂಬಿಕೆ ಇಡುವವರ ಮುಂದೆ ಸೋಲುವುದು ಎಷ್ಟು ಕಷ್ಟ ಹೇಳು.

ಸಾಮಾನು ಕಟ್ಟುತ್ತಿದ್ದಾಗ ನನ್ನ ಕಣ್ಣಿಗೆ ಒಂದು ಸಂಗತಿ ಬಿತ್ತು. ಗೋಡೆಯ ತಳದಲ್ಲಿ ಗೇಣಗಲದ ಪಟ್ಟಿಯೊಂದು ಉದುರಿರಲಿಲ್ಲ. ಉಗುರಿನಿಂದ ಕೆರೆದರೂ ಬರಲಿಲ್ಲ. ಯಾಕಿರಬಹುದು? ಬೆಳಿಗ್ಗೆ ಟೀಚರ್ ನೆಲ ತೊಳೆದಿದ್ದರು. ನೀರು ಸಿಡಿದು ಗೋಡೆಯ ಬುಡ ತೋಯ್ದಿತ್ತು. ತೋಯ್ದ ಕಡೆ ಸುಣ್ಣ ಕಚ್ಚಿಕೊಂಡಿತ್ತು, ಒಣಗಿದ ಕಡೆ ಗೋಡೆ ಸುಣ್ಣದ ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದುಬಿಟ್ಟಿತ್ತು. ಇಷ್ಟು ಹೊಳೆದದ್ದೇ ತಡ, ನನಗೆ ಕುಣಿಯಬೇಕೆನ್ನಿಸಿತು. ಯೂಸುಫನ ಮುಖ ನೋಡಿ ಸುಮ್ಮನಾದೆ.

ಗುರುವಾರ ಬಿಸಿಲೇರುವ ಮೊದಲೇ ಹೋದೆ. ಉದುರಿದ್ದನ್ನೆಲ್ಲ ಗುಡಿಸಿ ತೆಗೆದು, ಗೋಡೆಗೆ ನೀರು ಚಿಮುಕಿಸಿ, ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿ, ಸುಣ್ಣವನ್ನು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಂಡು ಶುರುಮಾಡಿದೆ. ಹಚ್ಚುವುದು ಸರಿಯಾಯಿತು, ಆದರೆ ಇನ್ನೊಂದು ಪೇಚಿಗೆ ಸಿಕ್ಕೆ. ನಾನು ಏಣಿಯ ಮೇಲೆ ಅರ್ಧ ಗೋಡೆ ಹಚ್ಚಿ ಕೆಳಗಿಳಿಯುವುದರೊಳಗೆ ಮೇಲಿನ ಅಂಚು ಒಣಗಿ ಗೆರೆ ಬೀಳುತ್ತಿತ್ತು. ಈ ಸುಣ್ಣಕ್ಕೆ ನಡುವೆ ನಿಲ್ಲುವುದು ಆಗುವುದಿಲ್ಲ. ಹಸಿ ಇರುವಾಗಲೇ ಹಸಿಗೆ ಕೂಡಬೇಕು. ನಾನು ಏಣಿ ಹತ್ತಿ ಇಳಿದು ಒದ್ದಾಡುವುದನ್ನು ಯೂಸುಫ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕೊನೆಗೆ ಅವನಿಗೇ ತಡೆಯಲಾಗಲಿಲ್ಲ. "ಕೊಡ್ರಿ ಇಲ್ಲಿ ಒಂದು ಬ್ರಷ್ಷು" ಎಂದು ತೋಳು ಮಡಚಿದ. ಮೇಲಿನದು ನನಗೆ, ಕೆಳಗಿನದು ಅವನಿಗೆ. ಅಡ್ಡ, ಉದ್ದ, ಮತ್ತೆ ಅಡ್ಡ ಬ್ರಷ್ಷು ಆಡಿಸುತ್ತಾ ಇಬ್ಬರೂ ಆ ಮೂಲೆಯಿಂದ ಈ ಮೂಲೆಗೆ ಬಂದೆವು. ಮದುಮಗನಾಗುವವನ ಮೂಗಿನ ಮೇಲೆಲ್ಲ ಸುಣ್ಣ.

ಹಸಿ ಗೋಡೆ ಮಾತ್ರ ನೋಡಲಾಗದಷ್ಟು ಕಪ್ಪಗೆ, ಕೆಸರಿನ ಹಾಗಿತ್ತು. "ದನದ ಕೊಟ್ಟಿಗಿ ಕಂಡಂಗ ಕಾಣತೈತಲ್ರಿ" ಎಂದು ಯೂಸುಫ ಸಣ್ಣ ದನಿಯಲ್ಲಿ ಅಂದ. ಈಗ ಬೈಗುಳವಿರಲಿಲ್ಲ, ಅವನ ಕೈಯೂ ಅದರಲ್ಲಿ ಇತ್ತಲ್ಲ. ಬೇರೆ ಬೇರೆಯಾಗಿ ಕಲಸಿದ್ದ ಎರಡು ಬಕೆಟ್ಟಿನ ಬಣ್ಣ ಒಂದೇ ಆಗಿದೆಯೋ ಇಲ್ಲವೋ ಎಂಬ ಹೆದರಿಕೆ ನನಗೆ ಬೇರೆ. ಹಂಚಿಗೆ ಹಚ್ಚಿ ಒಣಗಿಸಿ ನೋಡಿದರೆ ಕೂದಲೆಳೆಯಷ್ಟು ವ್ಯತ್ಯಾಸ ಕಂಡ ಹಾಗೂ ಇತ್ತು, ಇಲ್ಲದ ಹಾಗೂ ಇತ್ತು. ನೀನು ಚೌರಿ ಕೂದಲಿನ ಕಾರ್ಖಾನೆಯಲ್ಲಿ ಕಪ್ಪಿನಲ್ಲೇ ಇದು ಬೇರೆ ಕಪ್ಪು ಎಂದು ಆರಿಸಿ ಇಡುವವಳು. ನೀನು ಒಂದು ಸಲ ನೋಡಿದ್ದರೆ ಹೇಳಿಬಿಡುತ್ತಿದ್ದೆ. ಎರಡನೆಯ ಪದರಕ್ಕೆ ಯಾವ ರಗಳೆಯೂ ಬೇಡವೆಂದು ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದು ಕಲಸಿದೆ. ಶುಕ್ರವಾರ ಅದನ್ನೂ ಹಚ್ಚಿ ಬಾಗಿಲು ಎಳೆದುಕೊಂಡು ಹೊರಗೆ ಕೂತೆವು.

ಸಂಜೆ ಟೀಚರ್ ಬಾಗಿಲು ತೆರೆದವರು ಅಲ್ಲೇ ನಿಂತರು. ನಾನು ಅವರ ಹೆಗಲ ಮೇಲಿಂದ ಇಣುಕಿದೆ. ರೇಣುಕಾ, ಆ ಕೆಸರೆಲ್ಲ ಎಲ್ಲಿ ಹೋಯಿತೋ! ಗೋಡೆಗೆ ಗೋಡೆಯೇ ತಿಳಿಯಾಗಿ, ರೊಟ್ಟಿಯ ಮೇಲೆ ಕಾವಿನ ಕಲೆ ಎದ್ದಂತೆ ಅಲ್ಲಲ್ಲಿ ಗಾಢವಾಗಿ, ಪಡುವಣದ ಕಿಟಕಿಯ ಬೆಳಕು ಅದರ ಮೇಲೆ ಹೊಳೆಯದೆ ಮೆತ್ತಗೆ ಕೂತಿತ್ತು. ಪೇಂಟಿನ ವಾಸನೆಯಿಲ್ಲ, ಮೊದಲ ಮಳೆ ಬಿದ್ದ ನೆಲದ ವಾಸನೆ. ಟೀಚರ್ ಅದೇ ಕರಿ ಸೀರೆಯ ಸೆರಗನ್ನು ಗೋಡೆಗೆ ಒತ್ತಿ ಉಜ್ಜಿ ಬೆಳಕಿಗೆ ಹಿಡಿದರು. ಸೆರಗು ಸ್ವಚ್ಛ! ಯೂಸುಫ ನನ್ನ ಬೆನ್ನಿಗೆ ಹೊಡೆದ ಏಟು ಇನ್ನೂ ನೋಯುತ್ತಿದೆ.

ನಿನ್ನೆ ಟೀಚರ್ ನನ್ನನ್ನೂ ಊಟಕ್ಕೆ ಕರೆದಿದ್ದರು. ಬಂದವರು ಹುಡುಗನನ್ನು ನೋಡಿದ್ದಕ್ಕಿಂತ ಗೋಡೆಯನ್ನು ನೋಡಿದ್ದೇ ಹೆಚ್ಚು. ಹುಡುಗಿಯ ತಂದೆ ರಾಜಾಸಾಬರು ಕೈಯಾಡಿಸಿ, "ಯಾವ ಕಂಪನಿ ಬಣ್ಣಾರೀ ಇದು? ತಂಪ ಐತಲ್ಲ" ಎಂದು ಕೇಳಿದರು. "ಕಂಪನಿ ಇಲ್ರಿ, ಇಲ್ಲೇ ಕುಂತಾನ ನೋಡ್ರಿ" ಎಂದು ಟೀಚರ್ ನನ್ನ ಕಡೆ ಕೈ ತೋರಿಸಿದರು. ನಾನು ಬಾಯಿಯಲ್ಲಿದ್ದ ತುತ್ತು ನುಂಗಲೋ ನಮಸ್ಕಾರ ಮಾಡಲೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದೆ. ಯೂಸುಫ, "ಕೆಳಗಿನ ಅರ್ಧಾ ನಂದು" ಎಂದು ಬೀಗರ ಮುಂದೆ ಎದೆಯುಬ್ಬಿಸಿದ. ಅವರ ಜೊತೆ ಬಂದಿದ್ದ ಹುಡುಗಿ ಸೆರಗಿನ ಮರೆಯಲ್ಲಿ ನಕ್ಕಿತು. ಮದುವೆ ಗಟ್ಟಿಯಾಯಿತು.

ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಕಣ್ಣು ಪೂರ್ತಿ ತಿಳಿಯಾದ ಮೇಲೆ ಅವರನ್ನು ಕರೆದುಕೊಂಡು ಹೋಗಿ ಈ ಗೋಡೆ ತೋರಿಸುತ್ತೇನೆ. ಪರಮೇಶನಿಗೆ ಕೇಳಿದೆನೆಂದು ಹೇಳು. ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ಬೇಗ ಬಾ ಎಂದೂ ಹೇಳಿದ್ದಾಳೆ. ನಾನು ಹೇಳುವುದು ನಿನಗೆ ಗೊತ್ತೇ ಇದೆ.

ನಿನ್ನ,
ವಿರುಪಾಕ್ಷಿ

ತಾ.ಕ.: ಗೋಣೆಪ್ಪಣ್ಣನ ಟೆಂಪೊ ನವಲಿ ಕಡೆ ಹೊರಟಿದೆ, ಈ ಕಾಗದಕ್ಕಾಗಿ ಬಾಗಿಲಲ್ಲೇ ಹಾರ್ನು ಹೊಡೆಯುತ್ತಿದ್ದಾನೆ, ಅದಕ್ಕೇ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಕುಷ್ಟಗಿಯ ರಾಜಾಸಾಬರು ತಮ್ಮ ಇಡೀ ಮನೆಗೆ ಇದೇ ಸುಣ್ಣ ಬೇಕೆಂದಿದ್ದಾರೆ, ಮುಂದಿನ ತಿಂಗಳು ಶುರು. ಇದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಸಂಬಳದ ಆಳು ಬೇಡ, ನನ್ನ ಸರಿಸಮ ನಿಂತು ಬ್ರಷ್ಷು ಹಿಡಿಯುವವರು ಬೇಕು, ಬಣ್ಣ ನೋಡಿ ನನಗೇ ತಪ್ಪು ಹೇಳುವವರು ಬೇಕು. ನಿನಗೆ ಕಾರ್ಖಾನೆಯ ಕೆಲಸವಿದೆ, ಅದನ್ನು ಬಿಡು ಎನ್ನಲು ನಾನು ಯಾರು? ನಿನ್ನನ್ನು ಕೇಳಿ ಆಮೇಲೆ ಅವರಿಗೆ ಹೇಳೋಣ ಎಂದೇ ಇದ್ದೆ. ಆದರೆ ನಿನ್ನೆ ಊಟದ ಮುಂದೆ ಅವರು "ಎಷ್ಟು ಮಂದಿ ಬರ್ತೀರಿ?" ಎಂದು ಕೇಳಿದಾಗ, "ಇಬ್ರು ಬರ್ತೀವ್ರಿ. ನಾನು, ನಮ್ಮ ರೇಣುಕಾ" ಅಂದುಬಿಟ್ಟಿದ್ದೇನೆ.