ಹಿಂದೆ ನಿಲ್ಲುವವರು

ಕ್ಯಾಂಪ್ ಮಾಲೀಕ ಶ್ರೀ ಟೀಗ್ ಅವರಿಗೆ,

ನನ್ನದು ನಲವತ್ತು ಅಡಿಯ ಮನೆಬಸ್ಸು, ಒಳಗೇ ವಾಸಿಸುತ್ತ ಊರೂರು ಸುತ್ತುವ ಬಸ್ಸು. ಅದನ್ನು ನಿಲ್ಲಿಸಲು ನಿಮ್ಮ ಕ್ಯಾಂಪಿನಲ್ಲಿ, ಒಂದು ಕಡೆಯಿಂದ ಒಳಬಂದು ಇನ್ನೊಂದು ಕಡೆಯಿಂದ ನೇರವಾಗಿ ಹೊರಡುವ ಜಾಗವನ್ನೇ ಕಾಯ್ದಿರಿಸಿದ್ದೆ. ನೀವು ಅದನ್ನು ಬೇರೆಯವರಿಗೆ ಕೊಟ್ಟು, ನನಗೆ ರಿವರ್ಸ್‌ನಲ್ಲೇ ಒಳಹೋಗಬೇಕಾದ ಜಾಗ ಕೊಟ್ಟಿರಿ.

"ಗಂಡನ್ನ ಹಿಂದೆ ನಿಲ್ಸಿ ರಿವರ್ಸ್ ತಗೊಳ್ಳಿ, ಮೇಡಂ" ಎಂದಿರಿ.

"ವರ್ನನ್ ತೀರಿಹೋಗಿ ವರ್ಷ ಆಯ್ತು" ಎಂದೆ.

"ಹಂಗಾದ್ರೆ ನಾಯಿನೇ ನಿಲ್ಸಿ" ಎಂದು ನಕ್ಕಿರಿ.

ನಾನು ನಾಯಿಯನ್ನು ಹಿಂದೆ ನಿಲ್ಲಿಸಲಿಲ್ಲ, ಒಬ್ಬಳೇ ರಿವರ್ಸ್ ತೆಗೆದೆ. ವರ್ನನ್ ಹಿಂದೆ ನಿಂತು ಕೈಸನ್ನೆ ಮಾಡುವಾಗಲೆಲ್ಲ ನಮ್ಮ ನಾಯಿ ಮೇಬಲ್ ಅವರ ಕಾಲ ಬಳಿ ನಿಲ್ಲುತ್ತಿದ್ದಳು. ರಿವರ್ಸ್ ಸದ್ದು ಕೇಳಿದ್ದೇ ಕಿಟಕಿಯಿಂದ ಹಾರಿ ಅಲ್ಲಿಗೇ ಹೋದಳು. ಕನ್ನಡಿಯಲ್ಲಿ ನನಗೆ ಕಾಣಲಿಲ್ಲ; ಚಕ್ರ ಅವಳ ಕಾಲಿನ ಮೇಲೆ ಹರಿಯಿತು.

ಒಂದು ಕಾಲು ತೆಗೆದಿದ್ದಾರೆ. ನಾಳೆ ಆಸ್ಪತ್ರೆಯಿಂದ ಕರೆತರುತ್ತೇನೆ. ಅಷ್ಟರಲ್ಲಿ ನಾನು ಕಾಯ್ದಿರಿಸಿದ್ದ ಜಾಗ ಖಾಲಿ ಮಾಡಿಸಿ. ಇನ್ನೊಮ್ಮೆ ರಿವರ್ಸ್ ತೆಗೆದರೆ, ಮೂರು ಕಾಲಿನಲ್ಲಾದರೂ ಅವಳು ಅಲ್ಲಿಗೇ ಹೋಗಿ ನಿಲ್ಲುತ್ತಾಳೆ.

ಇಂತಿ,
ಲೊರೇನ್ ಪ್ರೂಯಿಟ್