ಪೆಂಗ್ವಿನ್ ದಾರಿಗೆ ಬೇಲಿ

ಅಕ್ಟೋಬರ್ 3, ಸಂಜೆ

ಹಾಲು ಕರೆದಾಯಿತು, ಬ್ರೆಡ್ಡಿನ ಕೆಲಸ ಮುಗಿಯಿತು. ಫ್ಲಾಸ್ಕಿನಲ್ಲಿ ಚಹಾ ಹಿಡಿದು ದಿಬ್ಬಕ್ಕೆ ಹೋದೆ, ಎಂದಿನಂತೆ. ಜೆಂಟೂ ಪೆಂಗ್ವಿನ್‌ಗಳು ಸಮುದ್ರದಿಂದ ಎದ್ದು ಬಂದವು. ಮೈ ಒದರಿ, ಸಾಲಾಗಿ, ಗೂಡು ಕಟ್ಟುವ ಗುಡ್ಡದ ಕಡೆ ಹೊರಟವು. ಆರ್ಚಿಯ ಹೊಸ ಬೇಲಿ ಬಂತು... ನಿಂತುಬಿಟ್ಟವು. ಹಿಂದಿನದು ಮುಂದಿನದಕ್ಕೆ ಡಿಕ್ಕಿ.

ಜುಲೈಯ ಚಳಿಗಾಲದಲ್ಲಿ ಹಾಕಿದ ಬೇಲಿ. ಆಗ ಈ ದಾರಿಯಲ್ಲಿ ಒಂದು ಹಕ್ಕಿಯೂ ಓಡಾಡುತ್ತಿರಲಿಲ್ಲ. ನಾವು ಗಂಡ ಹೆಂಡತಿ ಇಬ್ಬರಿಗೂ ಹೊಳೆಯಲಿಲ್ಲ. ಥೂ.

ಅಕ್ಟೋಬರ್ 5

ಊಟಕ್ಕೆ ಕೂತಾಗ ಹೇಳಿದೆ.

“ಬೇಲಿ ಕತ್ತರಿಸು ಆರ್ಚಿ. ಮೊಟ್ಟೆ ಇಡೋ ಕಾಲ ಬಂತು.”

“ಹಿಮದಲ್ಲಿ ದಾರಿ ತಪ್ಪಿ ಕುರಿಗಳು ಬಂಡೆ ಮೇಲಿಂದ ಬಿದ್ದಾಗ ಅತ್ತೋಳು ನೀನೇ ಕಣೇ. ಈಗ ಕತ್ತರಿಸು ಅಂತೀಯಾ?”

“ಗೇಟಾದ್ರೂ ತೆಗೆದಿಡು.”

“ತೆಗೆದ್ರೆ ಮೊದ್ಲು ನುಗ್ಗೋದು ಕುರಿ. ಪೆಂಗ್ವಿನ್‌ಗೆ ಗೇಟು ಅಂದ್ರೆ ಏನು ಗೊತ್ತು?”

ಅವನ ಮಾತು ನಿಜ. ಅದಕ್ಕೇ ಇನ್ನೂ ಸಿಟ್ಟು ಬಂತು.

ಅಕ್ಟೋಬರ್ 6

ಗೇಟು ತೆಗೆದು ನಾನೇ ಕಾವಲು ನಿಂತೆ. ತೋಳು ಚಾಚಿ, ಹುಶ್ ಹುಶ್ ಅಂತ ಅವನ್ನು ಆ ಕಡೆ ಹೊರಳಿಸಲು ನೋಡಿದೆ. ನಾಲ್ಕು ಹೆಜ್ಜೆ ಬರುತ್ತವೆ, ಮತ್ತೆ ಹಳೆಯ ದಾರಿಗೇ. ಬೇರೆ ದಾರಿ ಇದೆ ಎಂಬುದೇ ಅವಕ್ಕೆ ಒಪ್ಪಿಗೆಯಿಲ್ಲ. ಆರ್ಚಿಯ ಬೆನ್ನಿಗೆ ಹುಟ್ಟಬೇಕಿತ್ತು ಇವು.

ಅಕ್ಟೋಬರ್ 11

ಮನೆಯಲ್ಲಿ ಮಾತಿಲ್ಲ. ಮಟನ್ ಬೇಯಿಸಿದೆ, ತಿಂದ, ಎದ್ದು ಹೋದ.

ಬೆಳಗಿನ ರೇಡಿಯೋ ಮಾತುಕತೆಯಲ್ಲಿ ಪಕ್ಕದ ದ್ವೀಪದ ಯೂನಕ್ಕ: “ಏನ್ ಹೆಟ್ಟಿ, ನಿನ್ ಗಂಡ ಗಾಳಿ ಮಳೆ ಸುದ್ದಿ ಬಿಟ್ಟು ಬೇರೆ ಏನೂ ಮಾತಾಡ್ತಿಲ್ವಲ್ಲ! ಮನೆ ಒಳಗೂ ಬೇಲಿ ಹಾಕಿದಾನಾ?”

ಆ ಹೊತ್ತಿಗೆ ಫಾಕ್‌ಲ್ಯಾಂಡಿನ ದ್ವೀಪಗಳೆಲ್ಲ ರೇಡಿಯೋಗೆ ಕಿವಿಗೊಟ್ಟು ಕೂತಿರುತ್ತವೆ. ಮುಖ ಎಲ್ಲಿಡಲಿ?

ಅಕ್ಟೋಬರ್ 15

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆಯೂ ಬರುವುದಿಲ್ಲ.

ಒಂದು ಹಕ್ಕಿ ಬೇಲಿಯ ಬುಡದಲ್ಲೇ ಮೊಟ್ಟೆ ಇಟ್ಟಿತು. ಗೂಡಿಲ್ಲ, ಬರೀ ನೆಲ. ಎದ್ದು, ಬಗ್ಗಿ ನೋಡಿತು. ಅಲ್ಲೇ ಕೂರಬೇಕೋ, ಗುಡ್ಡಕ್ಕೆ ನಡೆಯಬೇಕೋ ತಿಳಿಯಲಿಲ್ಲವೇನೋ. ಅಷ್ಟರಲ್ಲಿ ಸ್ಕುವಾ ಹಕ್ಕಿ ಎರಗಿ ಮೊಟ್ಟೆ ಕಚ್ಚಿಕೊಂಡು ಹೋಯಿತು. ತಾಯಿ ಮತ್ತೆ ತಂತಿಗೆ ಎದೆ ಒತ್ತಿ ನಿಂತಿತು.

ಅತ್ತೆ. ಜೋರಾಗಿಯೇ ಅತ್ತೆ. ತಿರುಗಿದರೆ ಹಿಂದೆ ಆರ್ಚಿ, ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದ. ಎಲ್ಲ ನೋಡಿದ್ದಾನೆ.

ಅಕ್ಟೋಬರ್ 16

ಬೆಳಿಗ್ಗೆಯೇ ಹೋಗಿ ತಂತಿ ಕತ್ತರಿಸಿದ. ಸುರುಳಿ ಸುತ್ತಿ ತಂದು ಅಂಗಳದಲ್ಲಿ ಹಾಕಿದ.

“ಕುರಿ ನಾನೇ ಕಾಯ್ತೀನಿ ಬಿಡು,” ಅಂದ. ಇಷ್ಟು ದಿನದಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು. ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿ ಕೊಟ್ಟೆ.

ಸಂಜೆ ಸಾಲು ಗುಡ್ಡ ಹತ್ತಿತು. ಕಣ್ತುಂಬ ನೋಡಿದೆ. ಆದರೆ ಸಾಲು ಸಣ್ಣದಾಗಿದೆ. ಉಳಿದವು ಎಲ್ಲಿ?

ಅಕ್ಟೋಬರ್ 17, ಬೆಳಿಗ್ಗೆ

ಸಿಕ್ಕವು. ನನ್ನ ತೋಟದಲ್ಲಿ!

ಬೇಲಿ ಇದ್ದಾಗಲೇ, ಸಮುದ್ರದ ಇಳಿತದಲ್ಲಿ ಅದರ ತುದಿ ಸುತ್ತಿ, ಕುರಿಹಾದಿ ಹಿಡಿದು ಬಂದಿವೆ. ಆಲೂಗಡ್ಡೆ ಪಾತಿ ಕೆದರಿವೆ. ಎಲೆಕೋಸಿನ ಸಸಿ ಕಿತ್ತು ಗೂಡಿಗೆ ಹಾಸಿಕೊಂಡಿವೆ. ಈ ಗಾಳಿಯಲ್ಲಿ ತರಕಾರಿ ಬೆಳೆಯುವ ಜಾಗ ದ್ವೀಪದಲ್ಲೆಲ್ಲ ಅದೊಂದೇ. ಸ್ಟ್ಯಾನ್ಲಿ ಪಟ್ಟಣದಿಂದ ಹಡಗು ಬಂದರೆ ಬಂತು, ಇಲ್ಲದಿದ್ದರೆ ವರ್ಷವಿಡೀ ಬರೀ ಮಟನ್.

ಪೊರಕೆ ಹಿಡಿದು ಓಡಿಸಿದೆ. ಒಂದೊಂದಾಗಿ ಹೊರಟವು. ಮತ್ತೆ ಬಾರದಂತೆ ತೋಟದ ಸುತ್ತ ಕಟ್ಟಲು ಅಂಗಳದ ತಂತಿ ಎಳೆದುಕೊಂಡು ಹೋಗಿ ಬಿಚ್ಚುತ್ತಿದ್ದೆ. ಬಾಗಿಲಲ್ಲಿ ಆರ್ಚಿ.

“ಆ ತುದಿ ನಾನು ಹಿಡ್ಕೊಳ್ಳಲಾ ಹೆಟ್ಟಿ?”

ನಗಲಿಲ್ಲ ಅವನು. ನಕ್ಕಿದ್ದರೆ ಜಗಳವಾಡಬಹುದಿತ್ತು. ಕೈ ತೊಳೆದು ಬರ್ತೀನಿ ಅಂತ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಅವನಿನ್ನೂ ಅಲ್ಲೇ ಇದ್ದಾನೆ, ತಂತಿ ಹಿಡಿದು. ಕಿಟಕಿಯಿಂದ ಕಾಣುತ್ತದೆ. ಒಂದು ಹಕ್ಕಿ ಮಾತ್ರ ಪಾತಿಯಲ್ಲಿ ಕೂತೇ ಇದೆ, ಪೊರಕೆಗೂ ಏಳಲಿಲ್ಲ. ಆರ್ಚಿ ತಂತಿ ಕೆಳಗಿಟ್ಟ. ಬಗ್ಗಿ ನೋಡುತ್ತಿದ್ದಾನೆ... ಟೊಪ್ಪಿ ತೆಗೆದ. ಹಾಗಾದರೆ ಅದರ ಹೊಟ್ಟೆಯ ಕೆಳಗೆ—